ಚೌಕ ಬಿಟ್ಟ ನೀರು: ಅಕ್ರಿಲಿಕ್ ಮೀನುತೊಟ್ಟಿಯ ಚರಿತ್ರೆ ಮತ್ತು ಪಾಲನೆ

ಷಟ್ಕೋನದ ಕಂಬ, ದುಂಡು ಗೋಳ, ಗೋಡೆಗೆ ತೂಗುಹಾಕುವ ಅರ್ಧಗೋಳ, ಮುಂಭಾಗ ಬಿಲ್ಲಿನಂತೆ ಉಬ್ಬಿದ ಪೆಟ್ಟಿಗೆ, ಮೇಲೆ ಕಾಫಿ ಲೋಟ ಇಡಬಹುದಾದ ಮೇಜಿನ ತೊಟ್ಟಿ — ಇಂಥ ಆಕಾರದ ಅಕ್ವೇರಿಯಂಗಳು ಮನೆಗಳಿಗೆ ಬಂದದ್ದು 20ನೆಯ ಶತಮಾನದ ಎರಡನೆಯ ಅರ್ಧದಲ್ಲಿ. ಅವನ್ನು ಸಾಧ್ಯವಾಗಿಸಿದ ವಸ್ತು ಅಕ್ರಿಲಿಕ್. ಗಾಜಿನ ಪೆಟ್ಟಿಗೆ ಎಲ್ಲಿ ತಯಾರಾದರೂ ಹೆಚ್ಚುಕಡಿಮೆ ಒಂದೇ ರೀತಿ ತಯಾರಾಗುತ್ತದೆ. ಅಕ್ರಿಲಿಕ್ ತೊಟ್ಟಿ ಹಾಗಲ್ಲ. ಅದರ ಒಂದೊಂದು ಬಾಗು, ಒಂದೊಂದು ಬೆಸುಗೆ ಒಂದೊಂದು ವಿಧಾನದಲ್ಲಿ ಆಗಿರುತ್ತದೆ, ಆ ವಿಧಾನದ ಬಲವೂ ದೌರ್ಬಲ್ಯವೂ ದಶಕಗಳ ಕಾಲ ಅದರೊಳಗೆ ಉಳಿದಿರುತ್ತವೆ. ಆದ್ದರಿಂದ ಹಳೆಯ ಅಕ್ರಿಲಿಕ್ ತೊಟ್ಟಿಯೊಂದನ್ನು ಕಾಪಾಡಿಕೊಳ್ಳಬೇಕೆಂದರೆ ಮೊದಲು ಅದು ಹೇಗೆ ಹುಟ್ಟಿತೆಂದು ತಿಳಿದಿರಬೇಕು.

ಗಾಜು ಮತ್ತು ಕಬ್ಬಿಣದ ಕಾಲ

ಜಲಚರಗಳನ್ನು ಪಾರದರ್ಶಕ ಪಾತ್ರೆಯಲ್ಲಿಟ್ಟು ಶಾಸ್ತ್ರೀಯವಾಗಿ ಗಮನಿಸಿದ ಮೊದಲಿಗರಲ್ಲಿ ಝಾನ್ ವಿಲ್‌ಪ್ರೂ-ಪವರ್ ಪ್ರಮುಖರು. ಫ್ರಾನ್ಸಿನಲ್ಲಿ ಹುಟ್ಟಿ ಸಿಸಿಲಿಯ ಮೆಸ್ಸಿನಾದಲ್ಲಿ ನೆಲೆಸಿದ್ದ ಈಕೆ 1832ರ ಸುಮಾರಿಗೆ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಆರ್ಗೊನಾಟ್ ಎಂಬ ಅಷ್ಟಪದಿ ಜಾತಿಯ ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ, ಬೇರೆ ಜೀವಿಯಿಂದ ಕಸಿದುಕೊಳ್ಳುವುದಿಲ್ಲ ಎಂದು ತೋರಿಸಿದರು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಹೊನ್ನಮೀನು, ನೀರುಗಿಡ ಮತ್ತು ಬಸವನಹುಳು ಒಂದೇ ತೊಟ್ಟಿಯಲ್ಲಿ ಪರಸ್ಪರ ಆಸರೆಯಾಗಿ ಬಾಳುವ ಬಗೆಯನ್ನು ವಿವರಿಸಿದರು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಈ ಹವ್ಯಾಸವನ್ನು ಇಂಗ್ಲೆಂಡಿನ ಮಧ್ಯಮವರ್ಗದ ಬೈಠಕ್ಕುಮನೆಗಳಿಗೆ ತಲುಪಿಸಿತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು ರದ್ದು ಮಾಡಿದ್ದರಿಂದ ಗಾಜು ಅಗ್ಗವಾಗಿತ್ತು. ಹವ್ಯಾಸ ಹರಡಲು ಅದೂ ನೆರವಾಯಿತು.

ಆ ಕಾಲದ ತೊಟ್ಟಿಗೆ ಸ್ಲೇಟು ಕಲ್ಲಿನ ತಳ, ಎರಕದ ಕಬ್ಬಿಣದ ಚೌಕಟ್ಟು, ಅದರೊಳಗೆ ಪುಟ್ಟಿ ಮೆತ್ತಿ ಕೂರಿಸಿದ ಗಾಜು ಇರುತ್ತಿತ್ತು. ಚಪ್ಪಟೆ ಗಾಜನ್ನು ಚೌಕಟ್ಟಿಗೆ ಕೂರಿಸುವುದೊಂದೇ ಸುಲಭದ ದಾರಿಯಾದ್ದರಿಂದ ತೊಟ್ಟಿ ಪೆಟ್ಟಿಗೆಯಾಯಿತು. ದುಂಡಗಿನ ತೊಟ್ಟಿ ಬೇಕಿದ್ದರೆ ಗಾಜನ್ನು ಊದಿಯೇ ಮಾಡಬೇಕಿತ್ತು. ಅದು ಸಣ್ಣ ಬೋಗುಣಿಗೆ ಸರಿ, ದೊಡ್ಡ ಗಾತ್ರಕ್ಕೆ ಆಗದ ಮಾತು. ನೀರು ಬರಿದಾದಾಗ ಪುಟ್ಟಿ ಒಣಗಿ ಬಿರಿಯುತ್ತಿತ್ತು, ಮತ್ತೆ ತುಂಬಿದಾಗ ಸೋರುತ್ತಿತ್ತು. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದ ಮೇಲೆ ಚೌಕಟ್ಟಿಲ್ಲದೆ ಗಾಜಿಗೆ ಗಾಜನ್ನೇ ಅಂಟಿಸಲು ಸಾಧ್ಯವಾಯಿತು. ಆದರೂ ಆಕಾರ ಚೌಕವಾಗಿಯೇ ಉಳಿಯಿತು. ಅದನ್ನು ಬದಲಿಸಲು ಬೇರೆಯದೇ ವಸ್ತು ಬೇಕಿತ್ತು.

ಅಕ್ರಿಲಿಕ್‌ನ ಹುಟ್ಟು

ಅಕ್ರಿಲಿಕ್‌ನ ಪೂರ್ಣ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಜರ್ಮನಿಯ ಒಟ್ಟೊ ರೋಮ್ 1901ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಅಕ್ರಿಲಿಕ್ ಆಮ್ಲದಿಂದ ಹುಟ್ಟುವ ವಸ್ತುಗಳನ್ನು ಅಭ್ಯಾಸ ಮಾಡಿದ್ದರು. ಅವರು ಕಟ್ಟಿದ ಡಾರ್ಮ್‌ಸ್ಟಾಟ್‌ನ ಕಂಪನಿಯೇ 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರನ್ನು ನೋಂದಾಯಿಸಿತು. ಅದೇ ವರ್ಷಗಳಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯ ರಸಾಯನಶಾಸ್ತ್ರಜ್ಞರಾದ ರೋಲಂಡ್ ಹಿಲ್ ಮತ್ತು ಜಾನ್ ಕ್ರಾಫರ್ಡ್ ಅವರ ಕೆಲಸದಿಂದ ಪರ್ಸ್‌ಪೆಕ್ಸ್ ಹೆಸರಿನ ಅಕ್ರಿಲಿಕ್ ಬಂದಿತು. ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿಯ ಲ್ಯೂಸೈಟ್ ಆ ದಶಕದ ಕೊನೆಯ ಭಾಗದಲ್ಲಿ ಮಾರುಕಟ್ಟೆಗೆ ಇಳಿಯಿತು. ದ್ರವರೂಪದ ಕಚ್ಚಾವಸ್ತುವನ್ನು ಎರಡು ಗಾಜಿನ ಹಾಳೆಗಳ ನಡುವೆ ಹೊಯ್ದು ಗಟ್ಟಿಯಾಗಲು ಬಿಡುವುದು ಹಾಳೆ ತಯಾರಿಕೆಯ ಮುಖ್ಯ ವಿಧಾನ. ಗಾಜಿನ ನುಣುಪೇ ಹಾಳೆಗೂ ಇಳಿಯುತ್ತದೆ.

ಈ ಹಾಳೆಯನ್ನು 150 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದರೆ ಹಸಿ ಚರ್ಮದಂತೆ ಬಳುಕುತ್ತದೆ. ಬಾಗಿಸಿ ತಣಿಸಿದರೆ ಆ ಆಕಾರದಲ್ಲೇ ನಿಲ್ಲುತ್ತದೆ. ಈ ಗುಣವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡದ್ದು ಎರಡನೆಯ ಮಹಾಯುದ್ಧ. ಸ್ಪಿಟ್‌ಫೈರ್ ವಿಮಾನದ ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಬಾಂಬರ್ ವಿಮಾನಗಳ ಮೂತಿ, ಬಂದೂಕುಧಾರಿ ಕೂರುವ ಗುಮ್ಮಟ ಇವೆಲ್ಲ ಅಕ್ರಿಲಿಕ್‌ನವು. ಗುಂಡು ತಗುಲಿ ಒಡೆದ ಮುಚ್ಚಳದ ಚೂರುಗಳು ಚಾಲಕರ ಕಣ್ಣಿನೊಳಗೆ ಸೇರಿದರೂ ಉರಿಯೂತ ಉಂಟುಮಾಡದಿದ್ದುದನ್ನು ಗಮನಿಸಿದ ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಇದೇ ವಸ್ತುವಿನಿಂದ ಮಾಡಿದ ಮಸೂರವನ್ನು ಮನುಷ್ಯನ ಕಣ್ಣಿನಲ್ಲಿ ಅಳವಡಿಸಿದರು. ಜೀವದೊಡನೆ ಕಾದಾಡದ ಈ ಗುಣವೇ ಮೀನಿನ ತೊಟ್ಟಿಗೂ ಬೇಕಾಗಿದ್ದುದು. ಚೆನ್ನಾಗಿ ಗಟ್ಟಿಯಾದ ಅಕ್ರಿಲಿಕ್ ನೀರಿಗೆ ವಿಷ ಬಿಡುವುದಿಲ್ಲ, ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ.

ಯುದ್ಧ ಮುಗಿದಾಗ ವಿಮಾನದ ಬೇಡಿಕೆ ನಿಂತಿತು. ಅಕ್ರಿಲಿಕ್ ಅಂಗಡಿಯ ನಾಮಫಲಕ, ದೀಪದ ಹೊದಿಕೆ, ಕುರ್ಚಿ, ಮೇಜಿನ ರೂಪ ತಾಳಿತು. ಫಿನ್‌ಲೆಂಡಿನ ಎರೊ ಆರ್ನಿಯೊ 1968ರಲ್ಲಿ ರೂಪಿಸಿದ ಬಬಲ್ ಚೇರ್ ಆ ಕಾಲದ ಅಭಿರುಚಿಯನ್ನು ಹೇಳುತ್ತದೆ: ಚಾವಣಿಯಿಂದ ತೂಗುವ, ಒಳಗೆ ಮನುಷ್ಯ ಕೂರಬಹುದಾದ ಪಾರದರ್ಶಕ ಗುಳ್ಳೆ. ಬಾಹ್ಯಾಕಾಶ ಯಾನದ ಆ ದಶಕದಲ್ಲಿ ಗೋಳ, ಕೊಳವೆ, ಗುಮ್ಮಟಗಳು ಗೃಹಾಲಂಕಾರದ ಭಾಷೆಯಾದವು. 1970 ಮತ್ತು 80ರ ದಶಕಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಮೀನುತೊಟ್ಟಿ ಆ ಭಾಷೆಯನ್ನು ತನ್ನದಾಗಿಸಿಕೊಂಡಿತು.

ಆಕಾರಗಳು ಮತ್ತು ಅವುಗಳ ತಯಾರಿಕೆ

ಅರ್ಧಗೋಳ ತಯಾರಾಗುವುದು ಗಾಳಿಯಿಂದ. ಹಾಳೆಯನ್ನು ದುಂಡು ಬಳೆಯೊಂದಕ್ಕೆ ಬಿಗಿದು, ಕಾಯಿಸಿ, ಕೆಳಗಿನಿಂದ ಗಾಳಿ ಒತ್ತಿದರೆ ಗುಮ್ಮಟ ಏಳುತ್ತದೆ. ಯಾವ ಅಚ್ಚೂ ಮೈಗೆ ತಾಗದ ಕಾರಣ ಅದರ ಪಾರದರ್ಶಕತೆ ಕೆಡುವುದಿಲ್ಲ. ಆದರೆ ಹಾಳೆ ಹಿಗ್ಗಿದಷ್ಟೂ ತೆಳ್ಳಗಾಗುತ್ತದೆ. ಗುಮ್ಮಟದ ನೆತ್ತಿ ಅದರ ಅಂಚಿಗಿಂತ ಎಷ್ಟೋ ತೆಳು. ಗೋಡೆಗೆ ಹಾಕುವ ತೊಟ್ಟಿ ಇಂಥ ಒಂದು ಗುಮ್ಮಟ. ಇಂಥ ಎರಡನ್ನು ಸೇರಿಸಿದರೆ ಗೋಳ.

ಕೊಳವೆಯಾಕಾರದ ತೊಟ್ಟಿಗೆ ಎರಡು ದಾರಿ. ಕಾದ ಹಾಳೆಯನ್ನು ಸುರುಳಿ ಸುತ್ತಿ ಅಂಚುಗಳನ್ನು ಬೆಸೆಯುವುದು ಒಂದು. ಆಗ ಮೇಲಿಂದ ಕೆಳಗಿನವರೆಗೆ ಒಂದು ಉದ್ದದ ಬೆಸುಗೆಗೆರೆ ಕಾಣುತ್ತದೆ. ತಿರುಗುವ ಅಚ್ಚಿನೊಳಗೆ ದ್ರವವನ್ನು ಹೊಯ್ದು ಬೆಸುಗೆಯೇ ಇಲ್ಲದ ಕೊಳವೆಯನ್ನು ಎರಕ ಹೊಯ್ಯುವುದು ಇನ್ನೊಂದು. ಷಟ್ಕೋನದ ತೊಟ್ಟಿಯಲ್ಲಿ ಕೆಲವೊಮ್ಮೆ ಆರೂ ಮುಖಗಳು ಬಿಡಿ ಹಾಳೆಗಳು, ಆರು ಬೆಸುಗೆಗಳು. ಇನ್ನು ಕೆಲವೊಮ್ಮೆ ಬಾಗಬೇಕಾದ ಗೆರೆಯುದ್ದಕ್ಕೂ ಕಾದ ತಂತಿಯ ಶಾಖ ಕೊಟ್ಟು, ಒಂದೇ ಹಾಳೆಯನ್ನು ಮಡಿಸಿ, ಬೆಸುಗೆಗಳ ಸಂಖ್ಯೆಯನ್ನು ಕಡಿಮೆ ಮಾಡಿರುತ್ತಾರೆ. ಹೀಗೆ ಮಡಿಸಿದ ಮೂಲೆ ಸೋರುವುದಿಲ್ಲ, ಆದರೆ ಅದನ್ನು ನಿಧಾನವಾಗಿ ತಣಿಸದಿದ್ದರೆ ಒಳಗೆ ಬಿಗುವು ಉಳಿಯುತ್ತದೆ. ಬಿಲ್ಲುಮುಖದ ತೊಟ್ಟಿಗೆ ಹಾಳೆಯನ್ನು ಬಾಗಿದ ಅಚ್ಚಿನ ಮೇಲೆ ಹೊದಿಸಿ ತಣಿಸುತ್ತಾರೆ.

ಬೆಸುಗೆಯೆಂದರೆ ಇಲ್ಲಿ ಅಂಟಲ್ಲ. ಡೈಕ್ಲೋರೊಮೀಥೇನ್‌ನಂಥ ತೆಳು ದ್ರಾವಕವನ್ನು ಸಂದಿಗೆ ಬಿಟ್ಟಾಗ ಎರಡೂ ಮೈಗಳು ಕರಗಿ ಒಂದರೊಳಗೊಂದು ಬೆರೆಯುತ್ತವೆ. ದ್ರಾವಕ ಆರಿದ ಮೇಲೆ ಎರಡು ಹಾಳೆ ಒಂದಾಗಿರುತ್ತದೆ. ಅಂಚು ಎಷ್ಟು ನುಣುಪಾಗಿ ಕೂತಿತ್ತು, ಸಂದಿಯಲ್ಲಿ ಗಾಳಿಗುಳ್ಳೆ ಉಳಿದಿದೆಯೆ ಎಂಬುದರ ಮೇಲೆ ತೊಟ್ಟಿಯ ಆಯುಸ್ಸು ನಿಂತಿದೆ.

ಸಾಗರದ ಕಿಟಕಿ

ಮನೆಯ ತೊಟ್ಟಿಗಿಂತ ದೊಡ್ಡ ಬದಲಾವಣೆ ಸಾರ್ವಜನಿಕ ಮತ್ಸ್ಯಾಲಯಗಳಲ್ಲಾಯಿತು. ಜಪಾನಿನ ಯಶಿಮಾದಲ್ಲಿ 1970ರ ಸುಮಾರಿಗೆ ಅಕ್ರಿಲಿಕ್‌ನ ದುಂಡು ತೊಟ್ಟಿ ಸಿದ್ಧವಾಯಿತು. ಅದನ್ನು ಕಟ್ಟಿದ ನಿಪ್ಪುರ ಕಂಪನಿ ಮುಂದೆ ಈ ಕ್ಷೇತ್ರದ ಮುಂಚೂಣಿಗೆ ಬಂತು. ಅದೇ ವೇಳೆ ಅಮೆರಿಕದ ನೌಕಾಪಡೆ 12 ಪಂಚಕೋನ ತುಣುಕುಗಳನ್ನು ಬೆಸೆದು ನೆಮೊ ಎಂಬ ಪಾರದರ್ಶಕ ಗೋಳದ ಜಲಾಂತರ್ಗಾಮಿಯನ್ನು ಪರೀಕ್ಷಿಸಿತು. ದಪ್ಪ ಅಕ್ರಿಲಿಕ್ ನೀರಿನ ಒತ್ತಡದಲ್ಲಿ ಹೇಗೆ ವರ್ತಿಸುತ್ತದೆಂಬ ತಿಳಿವಳಿಕೆ ಇಂಥ ಕೆಲಸಗಳಿಂದ ಬೆಳೆಯಿತು.

1984ರಲ್ಲಿ ತೆರೆದ ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಮತ್ಸ್ಯಾಲಯ 28 ಅಡಿ ಎತ್ತರದ ತೊಟ್ಟಿಯಲ್ಲಿ ಕೆಲ್ಪ್ ಎಂಬ ಕಡಲಪಾಚಿಯ ಕಾಡನ್ನೇ ಬೆಳೆಸಿ ಅಕ್ರಿಲಿಕ್ ಕಿಟಕಿಗಳ ಹಿಂದೆ ತೋರಿಸಿತು. 1985ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕೆಲ್ಲಿ ಟಾರ್ಲ್ಟನ್ ಹಳೆಯ ಕೊಳಚೆನೀರಿನ ತೊಟ್ಟಿಗಳೊಳಗೆ ಬಾಗಿಸಿದ ಅಕ್ರಿಲಿಕ್‌ನ ಸುರಂಗ ಕಟ್ಟಿ, ನೋಡುಗರನ್ನೇ ನೀರಿನ ನಡುವೆ ನಡೆಸಿದರು. 2002ರಲ್ಲಿ ಸಿದ್ಧವಾದ ಓಕಿನಾವಾದ ಚುರೌಮಿ ಮತ್ಸ್ಯಾಲಯದ ಮುಖ್ಯ ಕಿಟಕಿ 22.5 ಮೀಟರ್ ಅಗಲ, 8.2 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪ. ಸಾಮಾನ್ಯ ಗಾಜು ಅಷ್ಟು ದಪ್ಪವಾದರೆ ಅದರೊಳಗಿನ ಕಬ್ಬಿಣಾಂಶದಿಂದ ಹಸಿರಾಗಿ ಮಂಕಾಗುತ್ತದೆ; ಅಕ್ರಿಲಿಕ್ ಹಲವು ಹಾಳೆಗಳನ್ನು ಬೆಸೆದು ದಪ್ಪ ಮಾಡಿದರೂ ತಿಳಿಯಾಗಿಯೇ ಉಳಿಯುತ್ತದೆ. ಮೂಲೆಗೆ ತಗುಲಿದರೆ ಗಾಯಗೊಳ್ಳುವ ಅಂಬಲಿಮೀನುಗಳಿಗಾಗಿ ಜರ್ಮನಿಯ ವೋಲ್ಫ್ ಗ್ರೆವ 1960ರ ದಶಕದಲ್ಲಿ ರೂಪಿಸಿದ, ನೀರು ಸದಾ ವೃತ್ತಾಕಾರದಲ್ಲಿ ಸುತ್ತುವ ಕ್ರೈಸೆಲ್ ತೊಟ್ಟಿಯೂ ಅಕ್ರಿಲಿಕ್‌ನಿಂದ ಸುಲಭವಾಯಿತು. ಅಲ್ಲಿ ದುಂಡು ಆಕಾರ ಅಲಂಕಾರವಲ್ಲ, ಪ್ರಾಣಿಯ ಅಗತ್ಯ.

ಭಾರತದಲ್ಲಿ ಮದ್ರಾಸಿನ ಮರೀನಾ ತೀರದ ಮತ್ಸ್ಯಾಲಯ 1909ರಲ್ಲಿ, ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಲಯ 1951ರಲ್ಲಿ, ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ ತೆರೆದವು. ಇವು ಮೂಲತಃ ಗಾಜಿನ ಯುಗದವು. ತಾರಾಪೊರೆವಾಲಾ 2015ರಲ್ಲಿ ನವೀಕರಣಗೊಂಡಾಗ ಅಕ್ರಿಲಿಕ್ ಸುರಂಗ ಪಡೆಯಿತು. 2021ರಲ್ಲಿ ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲೂ ಸುಮಾರು 12 ಅಡಿ ಉದ್ದದ ಸುರಂಗ ಮತ್ಸ್ಯಾಲಯ ತೆರೆದು, ಈ ತಂತ್ರ ಪ್ರಯಾಣಿಕರ ದಾರಿಗೇ ಬಂತು.

ವಸ್ತುವಿನ ಸ್ವಭಾವ

ಅಕ್ರಿಲಿಕ್‌ನ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 92ರಷ್ಟನ್ನು ಒಳಗೆ ಬಿಡುತ್ತದೆ. ಪೆಟ್ಟು ತಾಳುವುದರಲ್ಲಿ ಗಾಜನ್ನು ಎಷ್ಟೋ ಮೀರಿಸುತ್ತದೆ. ಶಾಖವನ್ನು ಗಾಜಿನ ಸುಮಾರು ಐದನೆಯ ಒಂದು ಭಾಗದಷ್ಟು ಮಾತ್ರ ಸಾಗಿಸುವುದರಿಂದ ಒಳಗಿನ ನೀರಿನ ಉಷ್ಣತೆ ಬೇಗ ಏರಿಳಿಯುವುದಿಲ್ಲ. ಇವು ಅದರ ಗುಣಗಳು.

ದೌರ್ಬಲ್ಯ ಮೂರು. ಮೊದಲನೆಯದು ಮೃದುತ್ವ: ಮರಳಿನ ಒಂದು ಕಣ ಸಾಕು, ಗೀರು ಬೀಳುತ್ತದೆ. ಎರಡನೆಯದು ಬಾಗುವಿಕೆ: ಅದರ ಬಿಗಿತ ಗಾಜಿನ ಇಪ್ಪತ್ತನೆಯ ಒಂದು ಭಾಗಕ್ಕೆ ಹತ್ತಿರ, ಹಾಗಾಗಿ ಚಪ್ಪಟೆ ಗೋಡೆ ನೀರಿನ ಒತ್ತಡಕ್ಕೆ ಹೊರಗೆ ಉಬ್ಬುತ್ತದೆ. ಒತ್ತಡ ಆಳದೊಂದಿಗೆ ಏರುತ್ತದೆ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು ಒಂದು ಟನ್ ಭಾರ ಬೀಳುತ್ತದೆ. ಕೊಳವೆ ಮತ್ತು ಗೋಳಗಳಲ್ಲಿ ಈ ಭಾರ ಗೋಡೆಯುದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ. ಮೂಲೆಗಳಿರುವ ತೊಟ್ಟಿಯಲ್ಲಿ ಬೆಸುಗೆಗಳ ಮೇಲೆ ಕೇಂದ್ರೀಕರಿಸುತ್ತದೆ. ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ನೀರು ಕುಡಿಯುವ ಗುಣ. ವರ್ಷಗಟ್ಟಲೆ ತುಂಬಿದ ತೊಟ್ಟಿಯ ಒಳಮೈ ತನ್ನ ತೂಕದ ಶೇಕಡಾ 2ರವರೆಗೆ ನೀರನ್ನು ಹೀರಿ ತುಸು ಹಿಗ್ಗಿರುತ್ತದೆ. ತೊಟ್ಟಿ ಬರಿದಾದಾಗ ಆ ಮೈ ಒಣಗಿ ಕುಗ್ಗುತ್ತದೆ, ಅದರ ಹಿಂದಿನ ಪದರವೋ ಹಿಗ್ಗಿದಂತೆಯೇ ಇರುತ್ತದೆ. ಈ ಎಳೆದಾಟದಿಂದ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳ ಜಾಲ ಮೂಡಬಹುದು.

ಈ ದೌರ್ಬಲ್ಯಗಳ ಮಹತ್ವವನ್ನು ಜಗತ್ತಿಗೆ ತೋರಿಸಿದ ಘಟನೆ 2022ರ ಡಿಸೆಂಬರ್ 16ರಂದು ಬರ್ಲಿನ್‌ನಲ್ಲಿ ನಡೆಯಿತು. ಹೋಟೆಲೊಂದರ ಒಳಾಂಗಣದಲ್ಲಿ 10 ಲಕ್ಷ ಲೀಟರ್ ನೀರು, ಸುಮಾರು 1,500 ಮೀನುಗಳನ್ನು ಹೊತ್ತು ನಿಂತಿದ್ದ ಅಕ್ವಾಡಾಮ್ ಎಂಬ ಬೃಹತ್ ಅಕ್ರಿಲಿಕ್ ಕೊಳವೆ ಬೆಳಗಿನ ಜಾವ ಒಮ್ಮೆಲೆ ಒಡೆಯಿತು. ತನಿಖೆ ಒಂದೇ ಕಾರಣವನ್ನು ಖಚಿತವಾಗಿ ಬೊಟ್ಟು ಮಾಡಲಿಲ್ಲ. ಬೆಸುಗೆಯ ವೈಫಲ್ಯ, ಬುಡದಲ್ಲಿ ಬಿದ್ದಿರಬಹುದಾದ ಕಚ್ಚು, ಹಿಂದಿನ ನವೀಕರಣದ ವೇಳೆ ನೀರಿಲ್ಲದೆ ಒಣಗಿದ್ದು ಎಂಬ ಮೂರು ಸಾಧ್ಯತೆಗಳನ್ನು ಮುಂದಿಟ್ಟಿತು. ಮನೆಯ ಹಳೆಯ ತೊಟ್ಟಿಯಲ್ಲಿ ಪರೀಕ್ಷಿಸಬೇಕಾದ ಮೂರು ಸಂಗತಿಗಳೂ ಇವೇ.

ಹಳೆಯ ತೊಟ್ಟಿಯ ಪರೀಕ್ಷೆ

ಹಳೆಯ ತೊಟ್ಟಿಯನ್ನು ಕೊಳ್ಳುವ ಮೊದಲು ಅದು ನಿಜಕ್ಕೂ ಅಕ್ರಿಲಿಕ್ಕೇ ಎಂದು ನೋಡಬೇಕು. ಅಕ್ರಿಲಿಕ್ ಬಿಸಿಲಿಗೆ ಸುಲಭವಾಗಿ ಹಳದಿಯಾಗುವುದಿಲ್ಲ. ಪಾಲಿಸ್ಟೈರೀನ್, ಪಾಲಿಕಾರ್ಬನೇಟ್‌ನಂಥ ಪ್ಲಾಸ್ಟಿಕ್‌ಗಳು ಆಗುತ್ತವೆ. ನಂತರ ಒಂದು ಬದಿಯಿಂದ ಟಾರ್ಚ್ ಹಿಡಿದು ಪ್ರತಿ ಬೆಸುಗೆಯನ್ನೂ ಉದ್ದಕ್ಕೆ ಗಮನಿಸಬೇಕು. ಚದುರಿದ ಸಣ್ಣ ಗುಳ್ಳೆಗಳು ತಯಾರಿಕೆಯ ಕಾಲದವು, ಸಾಮಾನ್ಯವಾಗಿ ಅಪಾಯವಿಲ್ಲ. ಗುಳ್ಳೆಗಳು ಒಂದಕ್ಕೊಂದು ಕೂಡಿ ಗೆರೆಯಾಗಿದ್ದರೆ, ಬೆಸುಗೆ ಬಿಳಿಚಿಕೊಂಡಿದ್ದರೆ, ಬೆಳ್ಳಿಯಂತೆ ಹೊಳೆಯುವ ಬಿರುಕು ಅಂಚಿನಿಂದ ಒಳಗೆ ಹೊರಟಿದ್ದರೆ ಆ ತೊಟ್ಟಿಗೆ ನೀರು ತುಂಬಬಾರದು.

ಮೇಲಂಚಿನ ಒಳಚಾಚು ಪಟ್ಟಿಯನ್ನೂ ಗಮನಿಸಬೇಕು. ಚಪ್ಪಟೆ ಮುಖಗಳ ತೊಟ್ಟಿ ಉಬ್ಬದಂತೆ ತಡೆಹಿಡಿಯುವುದು ಅದೇ. ಫಿಲ್ಟರ್ ಕೂರಿಸಲೆಂದು ಹಿಂದಿನವರು ಅದನ್ನು ಕತ್ತರಿಸಿದ್ದರೆ ತೊಟ್ಟಿಯ ಬಲವೇ ಹೋಗಿರುತ್ತದೆ.

ಪರೀಕ್ಷೆಗೆ ತೊಟ್ಟಿಯನ್ನು ಹೊರಗೆ, ನೆರಳಿನಲ್ಲಿ, ಸಮತಟ್ಟಾದ ಹಲಗೆಯ ಮೇಲಿಟ್ಟು ಕಾಲು, ಅರ್ಧ, ಮುಕ್ಕಾಲು ಎಂದು ಹಂತ ಹಂತವಾಗಿ ತುಂಬಿ, ಪ್ರತಿ ಹಂತದಲ್ಲೂ ಒಂದು ದಿನ ಬಿಡುವುದು ಕ್ರಮ. ಬಹುಕಾಲ ಒಣಗಿದ್ದ ತೊಟ್ಟಿಗೆ ಈ ನಿಧಾನ ಇನ್ನೂ ಮುಖ್ಯ.

ಇಡುವ ಜಾಗ

ಚೌಕಟ್ಟಿರುವ ಗಾಜಿನ ತೊಟ್ಟಿ ಅಂಚುಗಳ ಮೇಲೆ ನಿಲ್ಲುತ್ತದೆ. ಅಕ್ರಿಲಿಕ್ ತೊಟ್ಟಿಗೆ ಇಡೀ ತಳಕ್ಕೂ ಆಸರೆ ಬೇಕು. ಷಟ್ಕೋನ, ಬಿಲ್ಲುಮುಖದಂಥ ಆಕಾರಕ್ಕೆ ತಕ್ಕ ಸ್ಟ್ಯಾಂಡ್ ಈಗ ಸಿಗುವುದು ಕಷ್ಟ. ಮೂಲ ಸ್ಟ್ಯಾಂಡ್ ಜೊತೆಗಿದ್ದರೆ ತೊಟ್ಟಿಯಷ್ಟೇ ಜೋಪಾನವಾಗಿ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ದಪ್ಪ ಪ್ಲೈವುಡ್ಡನ್ನು ತಳದ ಆಕಾರಕ್ಕೆ ಕೊಯ್ಸಿ ಹಾಸಬೇಕು. ರಸಮಟ್ಟ ಇಟ್ಟು ನೋಡಿ ಸಮ ಮಾಡುವುದು ಕಡ್ಡಾಯ. ಎತ್ತರದ ಕಂಬದ ತೊಟ್ಟಿ ತುಸು ವಾಲಿದರೂ ಭಾರವೆಲ್ಲ ಒಂದೇ ಬದಿಯ ಬೆಸುಗೆಗೆ ಬೀಳುತ್ತದೆ. 100 ಲೀಟರ್ ನೀರೆಂದರೆ 100 ಕಿಲೋ. ಕಲ್ಲು, ಮರಳು, ಸ್ಟ್ಯಾಂಡಿನ ತೂಕ ಅದರ ಮೇಲೆ. ಗೋಳ ಮತ್ತು ಕೊಳವೆಗಳ ಮೇಲೆ ನೇರ ಬಿಸಿಲು ಬೀಳಬಾರದು, ಏಕೆಂದರೆ ನೀರು ತುಂಬಿದ ದುಂಡು ಪಾತ್ರೆ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ಹೀಟರ್ ಗೋಡೆಗೆ ತಾಗಕೂಡದು. ಅಕ್ರಿಲಿಕ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ.

ಶುಚಿ, ಗೀರು, ಸೋರಿಕೆ

ಒಳಗಿನ ಪಾಚಿಗೆ ಮೆತ್ತನೆಯ ಬಟ್ಟೆ ಅಥವಾ ಪ್ಲಾಸ್ಟಿಕ್ ಕಾರ್ಡಿನ ಅಂಚು ಸಾಕು. ಬ್ಲೇಡು, ತಂತಿಜುಂಗು, ಗಾಜಿಗೆಂದು ಮಾಡಿದ ಮ್ಯಾಗ್ನೆಟ್ ಕ್ಲೀನರ್ ಬೇಡ. ಮರಳಿನ ಹತ್ತಿರ ಉಜ್ಜುವಾಗ ಬಟ್ಟೆಗೆ ಕಣ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಉಪ್ಪುನೀರಿನ ತೊಟ್ಟಿಯಲ್ಲಿ ಕಡಲಮುಳ್ಳುಕಾಯಿಯ (ಸೀ ಅರ್ಚಿನ್) ಹಲ್ಲುಗಳೇ ಗೀರುತ್ತವೆ. ಹೊರಮೈಗೆ ನೀರು, ಬೇಕಾದರೆ ಸೌಮ್ಯವಾದ ಸೋಪಿನ ಒಂದು ಹನಿ. ಅಮೋನಿಯಾ ಇರುವ ಕಿಟಕಿ ಕ್ಲೀನರ್, ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್ ಹಚ್ಚಿದ ಕೈ ಇವೆಲ್ಲ ಬಿಗುವಿರುವ ಜಾಗದಲ್ಲಿ ಬಿರುಕು ಎಬ್ಬಿಸುತ್ತವೆ.

ಬೆಂಗಳೂರು, ಕೋಲಾರ, ತುಮಕೂರಿನ ಕಡೆಯ ಬೋರ್‌ವೆಲ್ ನೀರು ಗಡಸು. ನೀರಿನ ಮಟ್ಟದಲ್ಲಿ ಬಿಳಿಯ ಸುಣ್ಣದ ಗೆರೆ ಕಟ್ಟುತ್ತದೆ. ಅದನ್ನು ಕೆರೆಯಬಾರದು. ನೀರಿನ ಮಟ್ಟ ಇಳಿಸಿ, ನೀರು ಬೆರೆಸಿದ ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಅಂಟಿಸಿಟ್ಟರೆ ಸುಣ್ಣ ಕರಗುತ್ತದೆ.

ಗಾಜಿನ ಮೇಲೆ ಬಿದ್ದ ಆಳವಾದ ಗೀರನ್ನು ಮನೆಯಲ್ಲಿ ಅಳಿಸಲಾಗದು. ಅಕ್ರಿಲಿಕ್ ಮೇಲಿನದನ್ನು ಅಳಿಸಬಹುದು. ಹಳೆಯ ತೊಟ್ಟಿ ಮತ್ತೆ ಹೊಸದಾಗಿ ಕಾಣುವ ಭಾಗ್ಯ ಇದರಿಂದಲೇ. ನೀರು ಹಚ್ಚಿಕೊಂಡು 600, 800, 1000, 1500, 2000 ಸಂಖ್ಯೆಯ ವಾಟರ್ ಪೇಪರ್‌ಗಳಿಂದ ಕ್ರಮವಾಗಿ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಬೇಕು. ಹಿಂದಿನ ಪೇಪರಿನ ಗುರುತು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬಾರದು. ಒಂದೇ ಜಾಗ ತಗ್ಗಾದರೆ ನೋಟ ತಿರುಚುತ್ತದೆ, ಆದ್ದರಿಂದ ಗೀರಿನ ಸುತ್ತಲೂ ಅಗಲವಾಗಿ ಉಜ್ಜಬೇಕು. ಗಾಳಿಯಿಂದ ಉಬ್ಬಿಸಿದ ಗುಮ್ಮಟದ ನೆತ್ತಿ ಮೊದಲೇ ತೆಳುವಾದ್ದರಿಂದ ಅಲ್ಲಿ ಪಾಲಿಶ್ ಮಾತ್ರ ಸರಿ, ಪೇಪರ್ ಅಲ್ಲ.

ಸೋರಿಕೆಗೆ ಸಿಲಿಕೋನ್ ಮದ್ದಲ್ಲ. ಅದು ಗಾಜನ್ನು ಹಿಡಿದಂತೆ ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ. ಸಂದಿಯನ್ನು ಪೂರ್ತಿ ಒಣಗಿಸಿ, ಸೂಕ್ತ ದ್ರಾವಕವನ್ನು ಸಿರಿಂಜಿನಿಂದ ಹರಿಸುವುದು ಅಥವಾ ಒಳಮೂಲೆಗೆ ಅಕ್ರಿಲಿಕ್ ಪಟ್ಟಿಯೊಂದನ್ನು ಬೆಸೆಯುವುದು ಸರಿಯಾದ ವಿಧಾನ. ಈ ದ್ರಾವಕಗಳ ಆವಿ ವಿಷಕಾರಿ. ಗಾಳಿಯಾಡುವ ಜಾಗದಲ್ಲಿ, ನಾಮಫಲಕ ತಯಾರಿಸುವಂಥ ಅನುಭವಿ ಕೆಲಸಗಾರರಿಂದ ಮಾಡಿಸುವುದೇ ಕ್ಷೇಮ.

ಆಕಾರಕ್ಕೆ ತಕ್ಕ ಮೀನು

ಮೀನಿಗೆ ಬೇಕಾದ ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. 80 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಸಾಮಾನ್ಯ ತೊಟ್ಟಿಗೆ 36 ಸೆಂ.ಮೀ. ನೀರು ಹಾಕಿದರೆ ಸುಮಾರು 100 ಲೀಟರ್. ಮೇಲ್ಮೈ 2,800 ಚದರ ಸೆಂ.ಮೀ. ಅದೇ 100 ಲೀಟರನ್ನು 40 ಸೆಂ.ಮೀ. ವ್ಯಾಸದ ಕೊಳವೆಗೆ ಹಾಕಿದರೆ ಎತ್ತರ 80 ಸೆಂ.ಮೀ., ಮೇಲ್ಮೈ 1,257 ಚದರ ಸೆಂ.ಮೀ. ಮಾತ್ರ. ಗೋಳದಲ್ಲಿ ಅರ್ಧಕ್ಕೆ ತುಂಬಿದಾಗ ಮೇಲ್ಮೈ ಅತಿ ಹೆಚ್ಚು; ಕುತ್ತಿಗೆವರೆಗೆ ತುಂಬಿದರೆ ಬಹಳ ಕಡಿಮೆ. ಹಾಗಾಗಿ ಇಂಥ ತೊಟ್ಟಿಗಳಲ್ಲಿ ಲೀಟರ್ ಲೆಕ್ಕಕ್ಕಿಂತ ಕಡಿಮೆ ಮೀನು ಬಿಡಬೇಕು, ತಳದ ನೀರನ್ನು ಮೇಲಕ್ಕೆ ತರುವ ಏರ್ ಪಂಪು ಅಥವಾ ಫಿಲ್ಟರ್ ಸದಾ ನಡೆಯಬೇಕು.

ಈಜುವ ದಾರಿಯೂ ಮುಖ್ಯ. ಡ್ಯಾನಿಯೊ, ಬಾರ್ಬ್‌ಗಳಂಥ ಅಡ್ಡಕ್ಕೆ ಓಡುವ ಮೀನುಗಳಿಗೆ ಕಂಬದ ತೊಟ್ಟಿ ಇಕ್ಕಟ್ಟು. ಎತ್ತರದ ಷಟ್ಕೋನಕ್ಕೆ ಏಂಜೆಲ್ ಮೀನಿನಂಥ ಎತ್ತರದ ದೇಹದವು ಹೊಂದುತ್ತವೆ. ಒಂದೇ ಬೆಟ್ಟಾ, ಕೆಲವು ಸಿಗಡಿಗಳು ನೀರನ್ನು ಬೆಚ್ಚಗಿಡುವ ವ್ಯವಸ್ಥೆಯಿರುವ, ಫಿಲ್ಟರ್ ಇರುವ ಗೋಳದಲ್ಲಿ ಬಾಳಬಲ್ಲವು. ಹೊನ್ನಮೀನು ದೊಡ್ಡದಾಗಿ ಬೆಳೆಯುವ, ಹೆಚ್ಚು ಕಲ್ಮಷ ಬಿಡುವ ಮೀನು. ಸಣ್ಣ ಗೋಳ ಅದಕ್ಕೆ ಹಿಂಸೆ. ಇಟಲಿಯ ಮೊನ್ಜಾ ನಗರ 2004ರಲ್ಲಿ, ರೋಮ್ 2005ರಲ್ಲಿ ದುಂಡು ಬೋಗುಣಿಯಲ್ಲಿ ಮೀನು ಸಾಕುವುದನ್ನು ನಿಷೇಧಿಸಿದವು. ಮೀನಿಗೆ ಹೊಂದದಷ್ಟು ಚಿಕ್ಕದಾದ ಹಳೆಯ ತೊಟ್ಟಿಯಿದ್ದರೆ ಅದರಲ್ಲಿ ನೀರುಗಿಡ ಮಾತ್ರ ಬೆಳೆಸುವುದು ಉತ್ತಮ. ನೀರು ತುಂಬಿಯೇ ಇರುವುದರಿಂದ ಅಕ್ರಿಲಿಕ್ ಒಣಗುವುದೂ ತಪ್ಪುತ್ತದೆ.

ತೊಟ್ಟಿಯನ್ನು ಬರಿದು ಮಾಡಲೇಬೇಕಾದಾಗ ಆ ಕೆಲಸವೂ ನಿಧಾನವಾಗಿರಬೇಕು. ನೀರು ತೆಗೆದ ಮೇಲೆ ಫ್ಯಾನಿನ ಗಾಳಿ, ಬಿಸಿಲು ತಾಗದ ಕೋಣೆಯಲ್ಲಿ, ಬಾಯಿಗೆ ಹಾಳೆ ಹೊದಿಸಿ, ದಿನಗಟ್ಟಲೆ ತಾನಾಗಿ ಆರಲು ಬಿಡಬೇಕು. ಬೇಗ ಒಣಗಲೆಂದು ಒಳಮೈಗೆ ಸ್ಪಿರಿಟ್ ಒರೆಸಿದರೆ ಕುಗ್ಗುತ್ತಿರುವ ಮೈ ಬಿರಿಯುತ್ತದೆ. ಒಣಗಿದ ತೊಟ್ಟಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಯಾವ ಭಾರವೂ ಇಲ್ಲದಂತೆ, ತಳದ ಮೇಲೆಯೇ ನಿಲ್ಲಿಸಿಡಬೇಕು. ಮತ್ತೆ ಬಳಕೆಗೆ ತೆಗೆದಾಗ ಬೆಸುಗೆಗಳ ಪರೀಕ್ಷೆಯಿಂದ ಹಿಡಿದು ಹಂತ ಹಂತದ ಭರ್ತಿಯವರೆಗಿನ ಎಲ್ಲ ಕ್ರಮವನ್ನೂ ಮೊದಲಿನಿಂದ ಅನುಸರಿಸಬೇಕು.